ಊಟ ತನ್ನಿಚ್ಛೆ, ನೋಟ ಎಂಜಿನ್ನಿನ ಇಚ್ಛೆ

ತುಂಬಾ ದಿನದಿಂದ ಬರೀಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಾ ಬಂದಿದ್ದ ವಿಷಯ ಇದು. ಸ್ವಲ್ಪ ಟೆಕ್ನಿಕಲ್. ಆದರೂ ಪ್ರೋಗ್ರಾಮಿಂಗ್ ಗೊತ್ತಿಲ್ಲದ ಬ್ಲಾಗಿಗರಿಗೂ ಅರ್ಥವಾಗುವ ಹಾಗೆ ಬರೆಯೋಣ ಅಂತ ಕೂತಿದ್ದೇನೆ. ಎಲ್ಲಾದರೂ ಬೋರ್ ಹೊಡೆದರೆ ಆ ಪ್ಯಾರಾ ಹಾರಿಸಿ ಮುಂದಕ್ಕೆ ಹೋಗಿ, ನನಗೇನೂ ಬೇಜಾರಿಲ್ಲ :-)

ಗೇಮ್ ಮಾಡುವ ಹುಚ್ಚು ಹತ್ತಿಸಿಕೊಂಡ ಗೆಳೆಯರು ಆಗಾಗ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಯೂನಿಟಿ ಬಳಸ್ಬೇಕು ಅಂತಿದೀನಿ, ಆದ್ರೆ ಸಿ ಶಾರ್ಪ್ ಬೇಡ. ಬೇರೆ ಭಾಷೇಲಿ ಬರೆದ್ರೆ ನಡೆಯುತ್ತಾ?" ಇದಕ್ಕೆ ಎರಡು ರೆಡಿಮೇಡ್ ಉತ್ತರಗಳಿವೆ. ಹೊಸ ಭಾಷೆ ಕಲಿತ ಹುಮ್ಮಸ್ಸಿನಲ್ಲಿರುವವರು ಹೇಳೋದು, "ಡಾಟ್‌ನೆಟ್ ಅಂದ್ಮೇಲೆ ಎಲ್ಲಾ ಭಾಷೆನೂ ಒಂದೇ, ಆರಾಮಾಗಿ ಬರಿ." ಆಫೀಸಿನ ಹಿರಿಯರು ಹೇಳೋದು, "ತಲೆ ಕೆಟ್ಟಿದ್ಯಾ? ಎಂಜಿನ್ ಯಾವ ಭಾಷೆ ಕೇಳುತ್ತೋ ಅದ್ರಲ್ಲೇ ಬರಿ."

ಎರಡೂ ಅರ್ಧ ಸತ್ಯ ಅನ್ನೋದು ನನ್ನ ವಾದ. ಬೇರೆ ಭಾಷೆಗೆ ಎಂಜಿನ್ನಿನ ಬಾಗಿಲು ತೆರೆದೇ ಇದೆ. ಆದರೆ ಬಾಗಿಲು ತೆರೆದಿರುವುದು ಬೇರೆ, ಒಳಗೆ ಕರೆದು ಮಣೆ ಹಾಕಿ ಬಡಿಸುವುದು ಬೇರೆ. ಈ ವ್ಯತ್ಯಾಸ ಗೊತ್ತಿದ್ದರೆ ಬೇರೆ ಭಾಷೆಯಿಂದ ಲಾಭ ಖಂಡಿತ ಇದೆ. ಗೊತ್ತಿಲ್ಲದೆ ಹೊರಟರೆ ಗೇಮ್ ಮುಗಿಯುವ ಮೊದಲೇ ಉತ್ಸಾಹ ಮುಗಿಯುತ್ತದೆ.

ಮೊದಲು ಮ್ಯಾನೇಜ್ಡ್ ಕೋಡ್ ಅಂದರೇನು ಅಂತ ಎರಡು ಮಾತು. ಸಿ ಪ್ಲಸ್ ಪ್ಲಸ್‌ನಂಥ ಭಾಷೆಯಲ್ಲಿ ಬರೆದದ್ದು ನೇರವಾಗಿ ಪ್ರೊಸೆಸರಿನ ಭಾಷೆಗೆ ಇಳಿಯುತ್ತದೆ. ಮೆಮೊರಿ ಕೇಳಿ ಪಡೆಯೋದು, ಕೆಲಸ ಮುಗಿದ ಮೇಲೆ ವಾಪಸ್ ಕೊಡೋದು ಎಲ್ಲಾ ನಮ್ಮದೇ ತಲೆನೋವು. ಮ್ಯಾನೇಜ್ಡ್ ಕೋಡ್‌ನಲ್ಲಿ ಮಧ್ಯೆ ರನ್‌ಟೈಮ್ ಅಂತ ಒಬ್ಬ ಮೇಸ್ತ್ರಿ ಇರುತ್ತಾನೆ. ನಮ್ಮ ಕೋಡ್ ಮೊದಲು ಒಂದು ಮಧ್ಯಂತರ ಭಾಷೆಗೆ ಇಳಿಯುತ್ತದೆ, ಅದನ್ನು ಐಎಲ್ ಅಂತಾರೆ. ಅಲ್ಲಿಂದ ಮುಂದಕ್ಕೆ ಮೇಸ್ತ್ರಿಯ ಕೆಲಸ. ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸಿ ಹಾಕೋದು ಕೂಡ ಅವನದೇ.

ಇದರಲ್ಲಿ ಒಂದು ಚೆಂದ ಇದೆ. ಊರಿನ ಹಿಟ್ಟಿನ ಗಿರಣಿ ಜೋಳ ಯಾರ ಹೊಲದ್ದು ಅಂತ ಕೇಳೋದಿಲ್ಲ ನೋಡಿ, ಹಾಗೆ. ಸಿ ಶಾರ್ಪ್‌ನಲ್ಲಿ ಬರೆಯಿರಿ, ವಿಷುಯಲ್ ಬೇಸಿಕ್‌ನಲ್ಲಿ ಬರೆಯಿರಿ, ಎಫ್ ಶಾರ್ಪ್‌ನಲ್ಲಿ ಬರೆಯಿರಿ, ಹೊರಗೆ ಬರೋದು ಅದೇ ಐಎಲ್ ತುಂಬಿದ ಡಿಎಲ್ಎಲ್ ಫೈಲು. ಮೈಕ್ರೋಸಾಫ್ಟ್ ಇದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳದೆ ಎಕ್ಮಾ ಎಂಬ ಸಂಸ್ಥೆಯ ಮೂಲಕ 2001ರಲ್ಲಿ ಸ್ಟ್ಯಾಂಡರ್ಡ್ ಕೂಡ ಮಾಡಿಸಿತು. ಅದರ ನಂಬರ್ 335. ಹೆಸರಲ್ಲೇ 'ಕಾಮನ್ ಲ್ಯಾಂಗ್ವೇಜ್' ಅಂತಿದೆ. ಎಲ್ಲ ಭಾಷೆಗಳಿಗೂ ಒಂದೇ ಚಾವಡಿ ಅನ್ನುವ ಮಾತು ಅದು.

ಯೂನಿಟಿಯ ಹೊಟ್ಟೆಯೊಳಗೆ ಇರೋದು ಸಿ ಪ್ಲಸ್ ಪ್ಲಸ್. ಗೇಮ್ ಬರೆಯುವ ನಾವು ಮುಟ್ಟುವ ಪದರ ಮಾತ್ರ ಮ್ಯಾನೇಜ್ಡ್. ಹಾಗಾಗಿ ಎಫ್ ಶಾರ್ಪ್‌ನಲ್ಲಿ ಬರೆದು ಡಿಎಲ್ಎಲ್ ಮಾಡಿ, ಅದರ ಜೊತೆಗೆ ಎಫ್ ಶಾರ್ಪ್‌ನ ಕೋರ್ ಲೈಬ್ರರಿಯನ್ನೂ ತಂದು ಪ್ರಾಜೆಕ್ಟಿನ ಅಸೆಟ್ಸ್ ಫೋಲ್ಡರಿಗೆ ಹಾಕಿದರೆ ಯೂನಿಟಿ ಅದನ್ನು ಮಾತಿಲ್ಲದೆ ಓಡಿಸುತ್ತದೆ. ಅದು ಯಾವ ಭಾಷೆಯಲ್ಲಿ ಹುಟ್ಟಿತು ಅಂತ ಎಂಜಿನ್ನಿಗೆ ಗೊತ್ತೇ ಆಗೋದಿಲ್ಲ. ಇಲ್ಲಿಯವರೆಗೆ ಮೊದಲ ಗುಂಪಿನವರು ಹೇಳಿದ್ದು ಸರಿ.

ಈಗ ಸ್ವಲ್ಪ ಇತಿಹಾಸ. ಯೂನಿಟಿ ಹೊರಬಂದದ್ದು 2005ರಲ್ಲಿ, ಆಗ ಅದು ಮ್ಯಾಕ್ ಕಂಪ್ಯೂಟರಿಗೆ ಮಾತ್ರ. ಅದರ ಮೊದಲ ವರ್ಷಗಳಲ್ಲಿ ಮನೆಯಲ್ಲಿ ಮೂರು ಭಾಷೆಗಳಿದ್ದವು. ಒಂದು ಸಿ ಶಾರ್ಪ್. ಇನ್ನೊಂದು ಯೂನಿಟಿಸ್ಕ್ರಿಪ್ಟ್. ಇದನ್ನು ಎಲ್ಲರೂ ಜಾವಾಸ್ಕ್ರಿಪ್ಟ್ ಅಂತಲೇ ಕರೆಯುತ್ತಿದ್ದರು, ನಿಜವಾದ ಜಾವಾಸ್ಕ್ರಿಪ್ಟ್‌ಗೂ ಅದಕ್ಕೂ ಇದ್ದದ್ದು ಮುಖದ ಹೋಲಿಕೆ ಅಷ್ಟೆ. ಮೂರನೆಯದು ಬೂ. ಬ್ರೆಜಿಲ್‌ನ ರೊಡ್ರಿಗೊ ಬರೆಟೊ ಡಿ ಒಲಿವೇರಾ ಮಾಡಿದ, ನೋಡಲು ಪೈಥಾನ್ ತರಹ ಇದ್ದ ಚೆಂದದ ಭಾಷೆ. ಯೂನಿಟಿಸ್ಕ್ರಿಪ್ಟ್ ನಿಂತಿದ್ದೇ ಬೂ ಭಾಷೆಯ ಕಂಪೈಲರಿನ ಹೆಗಲ ಮೇಲೆ.

2014ರಲ್ಲಿ ಯೂನಿಟಿ ಕಂಪನಿ ಲೆಕ್ಕ ತೆಗೆದು ನೋಡಿತು. ಬೂ ಬಳಸುವವರು ಶೇಕಡ ಅರ್ಧಕ್ಕಿಂತ ಕಡಿಮೆ, ಸಿ ಶಾರ್ಪ್ ಬಳಸುವವರು ಶೇಕಡ 80ರ ಆಸುಪಾಸು. ಸರಿ, ಯೂನಿಟಿ 5 ಬರುವ ಹೊತ್ತಿಗೆ ಬೂ ಭಾಷೆಯ ಉದಾಹರಣೆಗಳು ಡಾಕ್ಯುಮೆಂಟೇಶನ್ನಿನಿಂದ ಮಾಯ, 'ಹೊಸ ಸ್ಕ್ರಿಪ್ಟ್' ಮೆನುವಿನಿಂದಲೂ ಮಾಯ. 2017ರ ಆಗಸ್ಟ್‌ನಲ್ಲಿ ಯೂನಿಟಿಸ್ಕ್ರಿಪ್ಟ್‌ಗೂ ವಿದಾಯ ಹೇಳಿದರು. ನಾನು ಇಂಜಿನಿಯರಿಂಗ್ ಮುಗಿಸಿ ಹೊರಬರುವ ಹೊತ್ತಿಗೆ ಮೂರು ಭಾಷೆಯ ಮನೆ ಒಂದು ಭಾಷೆಯ ಮನೆಯಾಗಿತ್ತು.

ಗಮನಿಸಬೇಕಾದ್ದು ಏನೆಂದರೆ, ಇದೆಲ್ಲ ಆದಾಗ ಗಿರಣಿ ಬದಲಾಗಲಿಲ್ಲ. ಅದೇ ಐಎಲ್, ಅದೇ ಡಿಎಲ್ಎಲ್. ಬೂ ಬೇಡ ಅಂತ ರನ್‌ಟೈಮ್ ಯಾವತ್ತೂ ಹೇಳಲಿಲ್ಲ. ಹೋದದ್ದು ಮೆನುವಿನ ಒಂದು ಸಾಲು, ಡಾಕ್ಯುಮೆಂಟೇಶನ್ನಿನ ಉದಾಹರಣೆ, ಫೈಲ್ ಸೇವ್ ಮಾಡಿದ ಕೂಡಲೇ ತಾನಾಗಿ ಕಂಪೈಲ್ ಆಗುವ ಅನುಕೂಲ. ಅಷ್ಟು ಹೋದದ್ದೇ ಸಾಕಾಯಿತು, ಭಾಷೆಯೂ ಹೋಯಿತು.

ಮೈಕ್ರೋಸಾಫ್ಟಿನ ಎಕ್ಸ್ಎನ್ಎ ಕಥೆಯೂ ಇದೇ. 2006ರ ಡಿಸೆಂಬರಿನಲ್ಲಿ ಬಂದಾಗ ಅಧಿಕೃತವಾಗಿ ಸಿ ಶಾರ್ಪ್‌ಗೆ ಮಾತ್ರ ಬೆಂಬಲ. ವಿಷುಯಲ್ ಬೇಸಿಕ್ ಅದೇ ಕಂಪನಿಯ ಹೆತ್ತ ಮಗು, ಅದಕ್ಕೆ ಬೆಂಬಲ ಸಿಕ್ಕಿದ್ದು 2011ರಲ್ಲಿ. 2013ರಲ್ಲಿ ಎಕ್ಸ್ಎನ್ಎಯ ಹೊಸ ಆವೃತ್ತಿ ಇನ್ನು ಬರುವುದಿಲ್ಲ ಅಂತ ಗೊತ್ತಾಯಿತು. ಮದುವೆ ಊಟಕ್ಕೆ ಕೊನೇ ಪಂಕ್ತಿಯಲ್ಲಿ ಕರೆದು ಎಲೆ ಹಾಕಿದ ಮೇಲೆ ಅಡುಗೆ ಖಾಲಿ ಅಂದ ಹಾಗಾಯಿತು!

"ಹಾಗಿದ್ರೆ ಸುಮ್ನೆ ಸಿ ಶಾರ್ಪ್ ಬರೀಬಾರ್ದಾ, ಯಾಕಪ್ಪಾ ಈ ಉಸಾಬರಿ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನದೇ ಉದಾಹರಣೆ ಕೊಡ್ತೀನಿ.

ನಾನೂ ನನ್ನ ಚಿಕ್ಕಮ್ಮನ ಮಗನೂ ಸೇರಿ ಶನಿವಾರ ಭಾನುವಾರಗಳಲ್ಲಿ ಚೌಕಾಬಾರದ ಒಂದು ಗೇಮ್ ಮಾಡುತ್ತಿದ್ದೇವೆ. ಐದು ಐದಲ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಂಡು ಆಡಿದವರಿಗೆ ವಿವರಣೆ ಬೇಡ. ಅವನು ಚಿತ್ರ ಬಿಡಿಸುತ್ತಾನೆ, ಯೂನಿಟಿಯಲ್ಲಿ ದೃಶ್ಯ ಜೋಡಿಸುತ್ತಾನೆ. ಆಟದ ನಿಯಮ ನನ್ನ ಪಾಲಿಗೆ. ಅದನ್ನು ನಾನು ಬರೆಯೋದು ಎಫ್ ಶಾರ್ಪ್‌ನಲ್ಲಿ.

ಯಾಕೆ ಅಂದರೆ, ಕವಡೆ ಎಸೆದರೆ ಬೀಳಬಹುದಾದ್ದು ಐದೇ: ಒಂದು, ಎರಡು, ಮೂರು, ಚೌಕ, ಬಾರ. ನಾಲ್ಕೂ ಅಂಗಾತ ಬಿದ್ದರೆ ಚೌಕ ಅಂದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಬಾರ ಅಂದರೆ ಎಂಟು. ಆರು ಬೀಳೋದೇ ಇಲ್ಲ. ಎಫ್ ಶಾರ್ಪ್‌ನಲ್ಲಿ ಈ ಐದನ್ನು ಒಂದು ಟೈಪ್ ಮಾಡಿ ಹೇಳಿಬಿಟ್ಟರೆ ಆರನೆಯದನ್ನು ಬರೆಯಲು ಕಂಪೈಲರ್ ಬಿಡೋದಿಲ್ಲ. ಕಾಯಿಯ ಸ್ಥಿತಿಯೂ ಹಾಗೆ. ಕಾಯಿ ತನ್ನ ಕಟ್ಟೆಯಲ್ಲಿರಬಹುದು, ಹೊರಸುತ್ತಿನಲ್ಲಿರಬಹುದು, ಒಳಸುತ್ತಿನಲ್ಲಿರಬಹುದು, ಇಲ್ಲಾ ಹಣ್ಣಾಗಿರಬಹುದು. ಹಣ್ಣಾದ ಕಾಯಿಗೆ ಮನೆಯ ನಂಬರ್ ಇರಲು ಸಾಧ್ಯವಿಲ್ಲ, ಟೈಪಿನಲ್ಲೇ ಅದಕ್ಕೆ ಜಾಗ ಇಲ್ಲ. ನಾಳೆ ನಾನು ಇನ್ನೊಂದು ಸ್ಥಿತಿ ಸೇರಿಸಿದೆ ಅಂತಿಟ್ಟುಕೊಳ್ಳಿ, ಅದನ್ನು ಎಲ್ಲೆಲ್ಲಿ ಲೆಕ್ಕಕ್ಕೆ ತಗೊಂಡಿಲ್ಲವೋ ಅಲ್ಲೆಲ್ಲ ಕಂಪೈಲರ್ ಬೆರಳು ತೋರಿಸುತ್ತದೆ.

ಚೌಕಾಬಾರಕ್ಕೆ ಇದು ಬೇಕೇ ಬೇಕು. ಯಾಕಂದ್ರೆ ಊರೂರಿಗೆ, ಅಷ್ಟೇ ಯಾಕೆ, ಮನೆ ಮನೆಗೆ ನಿಯಮ ಬೇರೆ! ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಅಂತ ಕೆಲವರು, ಹೋಗಬಹುದು ಅಂತ ಕೆಲವರು. ಗೇಮಿನಲ್ಲಿ ಇವನ್ನೆಲ್ಲ ಆಯ್ಕೆಯಾಗಿ ಕೊಡಬೇಕು. ಆಟದ ಮಣೆಯನ್ನು ಬದಲಾಗದ ಡೇಟಾ ಅಂತ ಇಟ್ಟುಕೊಂಡು, ಪ್ರತಿ ನಡೆಗೂ ಹೊಸ ಮಣೆ ಕೊಡುವ ಫಂಕ್ಷನ್ ಬರೆದಿದ್ದೇನೆ. ನಡೆ ವಾಪಸ್ ತಗೊಳ್ಳುವ ಸೌಲಭ್ಯ ಹಾಗೇ ಪುಗಸಟ್ಟೆ ಸಿಕ್ಕಿತು, ಹಳೇ ಮಣೆ ಎಲ್ಲೂ ಹೋಗಿರೋದಿಲ್ಲವಲ್ಲ. ಎಂಜಿನ್ ತೆರೆಯದೆಯೇ ಸಾವಿರ ಆಟ ಆಡಿಸಿ ನಿಯಮಗಳನ್ನು ಪರೀಕ್ಷೆ ಮಾಡಬಹುದು.

ಎಫ್ ಶಾರ್ಪ್‌ನಲ್ಲಿ ನನಗೆ ತುಂಬಾ ಇಷ್ಟವಾದ ಇನ್ನೊಂದು ವಿಷಯ ಅಳತೆಯ ಮಾನಗಳು. ಒಂದು ಸಂಖ್ಯೆ ಮೀಟರಿನದೋ ಸೆಕೆಂಡಿನದೋ ಅಂತ ಟೈಪಿನಲ್ಲೇ ಬರೆಯಬಹುದು. ಪಿಕ್ಸೆಲ್‌ಗೆ ಮನೆಯ ಸಂಖ್ಯೆ ಕೂಡಿಸಲು ಹೋದರೆ ಕಂಪೈಲರ್ ಕೆನ್ನೆಗೆ ಬಾರಿಸುತ್ತದೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರಲ್ಲಿ ನಾಶವಾದದ್ದು ಇಂಥದ್ದೇ ಗಲಿಬಿಲಿಯಿಂದ. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ಕಡೆ ನ್ಯೂಟನ್ ಲೆಕ್ಕ ಅಂತ ತಗೊಂಡಿತ್ತು.

ಇನ್ನೊಂದು ಸ್ವಾರಸ್ಯ ಹೇಳಲೇಬೇಕು. ಯೂನಿಟಿಯಲ್ಲಿ ದಿನಕ್ಕೆ ನೂರು ಸಲ ಬಳಸುವ ಜೆನೆರಿಕ್ಸ್ ಇದೆಯಲ್ಲ, ಅದನ್ನು ಡಾಟ್‌ನೆಟ್‌ಗೆ ತಂದವರು ಕೇಂಬ್ರಿಜ್‌ನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಡಾನ್ ಸೈಮ್ ಮತ್ತು ಆಂಡ್ರ್ಯೂ ಕೆನಡಿ. 2005ರ ಡಾಟ್‌ನೆಟ್ 2.0ರಲ್ಲಿ ಅದು ಎಲ್ಲರ ಕೈಗೆ ಬಂತು. ಅದೇ ಡಾನ್ ಸೈಮ್ ಎಫ್ ಶಾರ್ಪ್‌ನ ಜನಕ. ಅಳತೆಯ ಮಾನಗಳನ್ನು ಎಫ್ ಶಾರ್ಪ್‌ಗೆ ತಂದವರು ಅದೇ ಕೆನಡಿ. ನೆಂಟ ಅಂತ ಪಡಸಾಲೆಯಲ್ಲೇ ಕೂರಿಸಿದವನು ಆ ಮನೆಯ ಕಂಬ ನಿಲ್ಲಿಸಿದವರಲ್ಲಿ ಒಬ್ಬ!

ಈಗ ಕಷ್ಟಗಳ ಕಡೆ ಬರೋಣ. ಸಿಹಿ ಮಾತ್ರ ಹೇಳಿ ಕಹಿ ಮುಚ್ಚಿಟ್ಟರೆ ಅದು ಜಾಹೀರಾತಾಗುತ್ತದೆ.

ಮೊದಲನೆಯದು ಎಡಿಟರ್. ಸಿ ಶಾರ್ಪ್ ಫೈಲ್ ಸೇವ್ ಮಾಡಿ ಯೂನಿಟಿಗೆ ವಾಪಸ್ ಬಂದರೆ ಅದು ತಾನೇ ಕಂಪೈಲ್ ಮಾಡಿಕೊಳ್ಳುತ್ತದೆ. ಎಫ್ ಶಾರ್ಪ್ ಫೈಲನ್ನು ಅದು ಕಣ್ಣೆತ್ತಿಯೂ ನೋಡೋದಿಲ್ಲ. ಹೊರಗೆ ಬಿಲ್ಡ್ ಮಾಡಿ ಡಿಎಲ್ಎಲ್ ತಂದು ಹಾಕಬೇಕು. ಇನ್ನು ಇನ್‌ಸ್ಪೆಕ್ಟರ್ ಅಂತ ಒಂದು ಕಿಟಕಿ ಇದೆ, ಚಿತ್ರ ಬಿಡಿಸುವವರು ವೇಗ, ಬಣ್ಣ, ಗಾತ್ರ ಎಲ್ಲ ಬದಲಿಸೋದು ಅಲ್ಲೇ. ಎಫ್ ಶಾರ್ಪ್‌ನ ರೆಕಾರ್ಡು, ಯೂನಿಯನ್ನು ಯಾವುದೂ ಆ ಕಿಟಕಿಗೆ ಅರ್ಥವಾಗೋದಿಲ್ಲ. ನನ್ನ ತಮ್ಮ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದ, "ಅಣ್ಣ, ನೀನು ಯಾವ್ ಭಾಷೇಲಾದ್ರೂ ಬರ್ಕೋ. ನಂಗೆ ಇನ್‌ಸ್ಪೆಕ್ಟರ್‌ನಲ್ಲಿ ಎಲ್ಲಾ ಕಾಣ್ಬೇಕು ಅಷ್ಟೆ." ಇಡೀ ವಿಷಯದ ಸಾರ ಆ ಒಂದು ಮಾತಿನಲ್ಲಿದೆ.

ಎರಡನೆಯದು ಭೂತದ ಕಾಟ. ಯೂನಿಟಿಯ ಪ್ರತಿ ವಸ್ತುವಿಗೂ ಎರಡು ಭಾಗ, ಒಳಗಿನ ಸಿ ಪ್ಲಸ್ ಪ್ಲಸ್ ಜೀವ ಮತ್ತು ಹೊರಗಿನ ಮ್ಯಾನೇಜ್ಡ್ ದೇಹ. ಡಿಸ್ಟ್ರಾಯ್ ಅಂದಾಗ ಜೀವ ಹೋಗುತ್ತದೆ, ದೇಹ ಉಳಿಯುತ್ತದೆ. ಸಿ ಶಾರ್ಪ್‌ನಲ್ಲಿ 'ಇದು ನಲ್ಲಾ?' ಅಂತ ಎರಡು ಸಮ ಚಿಹ್ನೆ ಹಾಕಿ ಕೇಳಿದರೆ ಯೂನಿಟಿ ಮಧ್ಯೆ ಬಂದು 'ಹೌದು, ಸತ್ತಿದೆ' ಅನ್ನುತ್ತದೆ. ಆ ಚಿಹ್ನೆಯ ಅರ್ಥವನ್ನೇ ಅವರು ಬದಲಿಸಿ ಇಟ್ಟಿದ್ದಾರೆ. ಎಫ್ ಶಾರ್ಪ್‌ನ ನಲ್ ಪರೀಕ್ಷೆಗೆ ಈ ಒಳ ಒಪ್ಪಂದ ಗೊತ್ತಿಲ್ಲ. ಅದು ದೇಹ ನೋಡಿ 'ಇದೆಯಲ್ಲ' ಅನ್ನುತ್ತದೆ. ಮುಟ್ಟಿದ ಕೂಡಲೇ ಎರರ್. ಸಿ ಶಾರ್ಪ್‌ನಲ್ಲೇ ಪ್ರಶ್ನಾರ್ಥಕ ಚಿಹ್ನೆಯ ಹೊಸ ಶಾರ್ಟ್‌ಕಟ್ ಬಳಸುವವರಿಗೂ ಇದೇ ಕಾಟ ಇದೆ ಅನ್ನೋದು ಒಂದು ಸಮಾಧಾನ!

ಮೂರನೆಯದು ಕಸ. ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡಬೇಕಾದರೆ ಒಂದು ಫ್ರೇಮಿಗೆ ಸಿಗೋದು 16.6 ಮಿಲಿಸೆಕೆಂಡ್. ಬದಲಾಗದ ಡೇಟಾ ಅಂದರೆ ಪ್ರತಿ ಸಲವೂ ಹೊಸ ವಸ್ತು, ಹಳೆಯದು ಕಸ. ಯೂನಿಟಿ ವರ್ಷಗಟ್ಟಲೆ ಬಳಸುತ್ತಾ ಬಂದಿರುವ ಬೋಯೆಮ್ ಎಂಬ ಗಾರ್ಬೇಜ್ ಕಲೆಕ್ಟರ್ ಹೊಸ ಕಸ, ಹಳೇ ಕಸ ಅಂತ ಬೇರೆ ಮಾಡೋದಿಲ್ಲ. ಗುಡಿಸಲು ನಿಂತರೆ ಇಡೀ ಮನೆ ಗುಡಿಸಬೇಕು, ಅಷ್ಟು ಹೊತ್ತು ಗೇಮ್ ತಡವರಿಸುತ್ತದೆ. 2019ರಿಂದ ಗುಡಿಸುವ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಹಂಚುವ ವ್ಯವಸ್ಥೆ ಬಂತು, ಆದರೂ ಕಸ ಕಸವೇ. ಚೌಕಾಬಾರದಂಥ ಆಟದಲ್ಲಿ ಕವಡೆ ಬಿದ್ದಾಗ ಮಾತ್ರ ಹೊಸ ಮಣೆ ಹುಟ್ಟುತ್ತದೆ, ತೊಂದರೆ ಇಲ್ಲ. ಪ್ರತಿ ಫ್ರೇಮಿಗೂ ನೂರಾರು ಗುಂಡು ಹಾರುವ ಆಟದಲ್ಲಿ ಎಫ್ ಶಾರ್ಪ್ ಲಿಸ್ಟ್ ಬಳಸಿದರೆ ಗೇಮ್ ಮುಗ್ಗರಿಸೋದು ಗ್ಯಾರಂಟಿ.

ನಾಲ್ಕನೆಯದು ಐಫೋನ್. ಆಪ್ ಓಡುವಾಗಲೇ ಹೊಸ ಕೋಡ್ ತಯಾರಿಸಲು ಆಪಲ್ ಬಿಡೋದಿಲ್ಲ. ಹಾಗಾಗಿ ಯೂನಿಟಿ ಐಎಲ್ ಅನ್ನು ಮೊದಲೇ ಸಿ ಪ್ಲಸ್ ಪ್ಲಸ್‌ಗೆ ತಿರುಗಿಸುವ ಒಂದು ಯಂತ್ರ ಮಾಡಿತು, ಐಎಲ್‌ಟೂಸಿಪಿಪಿ ಅಂತ. 2015ರಿಂದ ಐಫೋನ್ ಗೇಮ್‌ಗಳಿಗೆ ಇದೇ ದಾರಿ. ಎಫ್ ಶಾರ್ಪ್ ಡಿಎಲ್ಎಲ್ ಕೂಡ ಇದರಲ್ಲಿ ಹಾದು ಬರುತ್ತದೆ. ಆದರೆ ರಿಫ್ಲೆಕ್ಷನ್ ಜಾಸ್ತಿ ಬಳಸುವ ಭಾಗಗಳನ್ನು, ಉದಾಹರಣೆಗೆ ಎಫ್ ಶಾರ್ಪ್‌ನ ಪ್ರಿಂಟ್ಎಫ್ ಕುಟುಂಬವನ್ನು, ದೂರ ಇಡೋದು ಕ್ಷೇಮ. ಕ್ಲೋಜರ್ ಭಾಷೆಯನ್ನು ಯೂನಿಟಿಯೊಳಗೆ ತಂದ ಆರ್ಕೇಡಿಯಾ ಅನ್ನುವ ಪ್ರಾಜೆಕ್ಟಿಗೆ ಈ ಗೋಡೆ ಇನ್ನೂ ಗಟ್ಟಿಯಾಗಿ ಅಡ್ಡ ಬಂತು. ಗೇಮ್ ಓಡುತ್ತಿರುವಾಗಲೇ ಕೋಡ್ ಬದಲಿಸುವುದು ಕ್ಲೋಜರ್‌ನ ಸೊಗಸು. ಎಡಿಟರಿನಲ್ಲಿ ಅದು ಅದ್ಭುತ, ಫೋನಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಅಂದಹಾಗೆ ಆರ್ಕೇಡಿಯಾ ಮಾಡಿದವರಲ್ಲಿ ಒಬ್ಬರು ರಾಮ್ಸಿ ನಾಸಿರ್. ಪೂರ್ತಿ ಅರಬಿ ಲಿಪಿಯಲ್ಲೇ ಬರೆಯುವ 'ಕಲ್ಬ್' ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದವರೂ ಅವರೇ.

ಇವು ನಾಲ್ಕೂ ಕಷ್ಟವೇ, ಆದರೆ ದಾಟಬಹುದಾದ ಕಷ್ಟಗಳು. ನನಗೆ ನಿಜವಾಗಿ ಚಿಂತೆ ಹುಟ್ಟಿಸಿರೋದು ಐದನೆಯದು. ಅದರ ಹೆಸರು ಸೋರ್ಸ್ ಜನರೇಟರ್.

ಹಿಂದೆ ಎಂಜಿನ್‌ಗಳು ನಮ್ಮ ಡಿಎಲ್ಎಲ್ ತೆರೆದು ಐಎಲ್ ಓದಿ ಬೇಕಾದ್ದನ್ನು ಹುಡುಕಿಕೊಳ್ಳುತ್ತಿದ್ದವು. ಈಗ ಹೊಸ ಪದ್ಧತಿಯಲ್ಲಿ ಸಿ ಶಾರ್ಪ್ ಕಂಪೈಲರಿನೊಳಗೇ ಕೂತು, ನಮ್ಮ ಸಿ ಶಾರ್ಪ್ ಕೋಡ್ ಓದಿ, ಅದಕ್ಕೆ ಇನ್ನಷ್ಟು ಸಿ ಶಾರ್ಪ್ ಕೋಡ್ ಸೇರಿಸುತ್ತಾರೆ. ವೇಗ ಜಾಸ್ತಿ, ಮುಂಚಿತವಾಗಿ ಕಂಪೈಲ್ ಮಾಡೋದಕ್ಕೂ ಅನುಕೂಲ. ತಾಂತ್ರಿಕವಾಗಿ ಒಳ್ಳೇದೇ. ಗೊಡೋ ಎಂಜಿನ್ ಸಿ ಶಾರ್ಪ್‌ಗೆ ಬಾಗಿಲು ತೆರೆದದ್ದು 2018ರ 3.0 ಆವೃತ್ತಿಯಲ್ಲಿ. 2023ರಲ್ಲಿ ಬಂದ 4.0 ಈ ಹೊಸ ಪದ್ಧತಿಗೆ ಬದಲಾಯಿತು. ಎಫ್ ಶಾರ್ಪ್ ಕಂಪೈಲರಿನಲ್ಲಿ ಆ ಜನರೇಟರ್‌ಗಳು ಓಡೋದಿಲ್ಲ. ಹಾಗಾಗಿ ಎಫ್ ಶಾರ್ಪ್‌ನಲ್ಲಿ ಕ್ಲಾಸ್ ಬರೆದು, ಅದರ ಮೇಲೆ ಸಿ ಶಾರ್ಪ್‌ನಲ್ಲಿ ಇನ್ನೊಂದು ಖಾಲಿ ಕ್ಲಾಸ್ ಹೊದಿಸಬೇಕು. ಯೂನಿಟಿಯ ಎಂಟಿಟೀಸ್ ಪ್ಯಾಕೇಜ್ ಕೂಡ 1.0 ಹೊತ್ತಿಗೆ ಇದೇ ದಾರಿ ಹಿಡಿದಿದೆ.

ಅಂದರೆ, 2001ರಲ್ಲಿ 'ಎಲ್ಲ ಭಾಷೆಗೂ ಒಂದೇ ಚಾವಡಿ' ಅಂತ ಕೊಟ್ಟ ಮಾತನ್ನು ಯಾರೂ ಮುರಿದಿಲ್ಲ. ಆದರೆ ಚಾವಡಿಯಲ್ಲಿ ನಡೆಯುತ್ತಿದ್ದ ವ್ಯವಹಾರವೆಲ್ಲ ನಿಧಾನವಾಗಿ ಒಬ್ಬರ ಮನೆಯ ಒಳಕೋಣೆಗೆ ಹೋಗುತ್ತಿದೆ. ಹೀಗೇ ಮುಂದುವರಿದರೆ ಐಎಲ್ ಹೆಸರಿಗೆ ಮಾತ್ರ ಎಲ್ಲರದ್ದಾಗುತ್ತದೆ. ಬರೀ ಎಫ್ ಶಾರ್ಪ್ ಅಭಿಮಾನಿಗಳಿಗೆ ಆಗುವ ನಷ್ಟ ಅಂತ ಇದನ್ನು ತಳ್ಳಿಹಾಕಬೇಡಿ. ಸಿ ಶಾರ್ಪ್‌ಗೆ 2017ರಲ್ಲಿ ಬಂದ ಪ್ಯಾಟರ್ನ್ ಮ್ಯಾಚಿಂಗ್, 2020ರಲ್ಲಿ ಬಂದ ರೆಕಾರ್ಡ್, ಇವೆಲ್ಲ ಎಫ್ ಶಾರ್ಪ್‌ನಲ್ಲಿ ಅದಕ್ಕೆ ಎಷ್ಟೋ ಮೊದಲೇ ಇದ್ದವು. ದೊಡ್ಡ ಭಾಷೆಗೆ ಹೊಸ ನೀರು ಬರೋದು ಸಣ್ಣ ಭಾಷೆಗಳ ತೊರೆಯಿಂದಲೇ. ತೊರೆ ಒಣಗಿಸಿ ನದಿ ತುಂಬಿ ಹರೀಲಿ ಅಂದರೆ ಹೇಗೆ?

ಈ ಬ್ಲಾಗ್ ಓದುವ ನಿಮಗೆ ಇದು ಹೊಸ ಕಥೆ ಅನ್ನಿಸಲಾರದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಆದರೆ ಕನ್ನಡ ಬ್ಲಾಗುಗಳು ಚಿಗುರಿದ್ದು 2000ದ ದಶಕದ ನಡುವಿನಲ್ಲಿ. ನಡುವಿನ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯಬೇಡಿ ಅಂತ ಯಾರೂ ಹೇಳಿರಲಿಲ್ಲ. ಸ್ಟ್ಯಾಂಡರ್ಡಿನಲ್ಲಿ ಜಾಗ ಇತ್ತು. ಜನರ ಕಂಪ್ಯೂಟರಿನಲ್ಲಿ ಫಾಂಟ್ ಇರಲಿಲ್ಲ, ಕೀಲಿಮಣೆ ಇರಲಿಲ್ಲ, ಒತ್ತಕ್ಷರ ಸರಿಯಾಗಿ ಕೂರಿಸುವ ತಂತ್ರಾಂಶ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದು, ಟೈಪ್ ಮಾಡುವ ಸಾಧನಗಳು ಮನೆ ಮನೆ ತಲುಪಿದ ಮೇಲೆ ತಾನೇ ನಾವೆಲ್ಲ ಬರೆಯಲು, ಓದಲು ಆಗಿದ್ದು?

ಗೇಮ್ ಎಂಜಿನ್‌ಗಳಲ್ಲಿ ಆ ಕಥೆ ಇನ್ನೂ ಮುಗಿದಿಲ್ಲ. ಡಾಟ್‌ನೆಟ್‌ನ ಸ್ಟ್ರಿಂಗ್ ಒಳಗೆ ಕನ್ನಡ ಲಕ್ಷಣವಾಗಿ ಕೂರುತ್ತದೆ. ಅದನ್ನು ಮೊನೋಗೇಮ್‌ನ ಸ್ಪ್ರೈಟ್‌ಫಾಂಟ್‌ಗೆ ಕೊಟ್ಟು ನೋಡಿ. ಅದು ಒಂದು ಸಂಕೇತಕ್ಕೆ ಒಂದು ಚಿತ್ರ ಅಂತ ಸಾಲಾಗಿ ಜೋಡಿಸುತ್ತದೆ. 'ಹಣ್ಣು' ಅಂತ ಬರೆದರೆ ಣ ಬೇರೆ, ಹಲಂತದ ಗುರುತು ಬೇರೆ, ಇನ್ನೊಂದು ಣ ಬೇರೆ, ಕೊಂಬು ಬೇರೆ. ಗೊಡೋ 4 ಹಾರ್ಫ್‌ಬಜ್ ಎಂಬ ಲೈಬ್ರರಿ ಸೇರಿಸಿಕೊಂಡಿರುವುದರಿಂದ ಅಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಸಣ್ಣವರ ಪಾಲಿಗೆ 'ಸಪೋರ್ಟ್ ಇದೆ' ಅನ್ನೋ ಮಾತಿಗೂ 'ಬಳಸಬಹುದು' ಅನ್ನೋ ಮಾತಿಗೂ ನಡುವೆ ಎಷ್ಟು ದೂರ ಅಂತ ಅಳೆಯಲು ಆ ಒಂದು 'ಹಣ್ಣು' ಸಾಕು.

ಹಾಗಾದರೆ ಮಾಡಬೇಕಾದ್ದೇನು? ನಾನು ಪಾಲಿಸುವ ಸೂತ್ರ ನಮ್ಮ ಹಳೇ ಗಾದೆಯೇ: ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಎಂಜಿನ್ನಿಗೆ ಕಾಣುವ ಭಾಗ, ಅಂದರೆ ದೃಶ್ಯ, ಗುಂಡಿ, ಇನ್‌ಸ್ಪೆಕ್ಟರ್, ಸದ್ದು, ಇವೆಲ್ಲ ಎಂಜಿನ್ನಿನ ಭಾಷೆಯಲ್ಲೇ ಇರಲಿ. ಅದು ತೆಳ್ಳಗೆ ನೀರುದೋಸೆ ಥರ ಇರಬೇಕು, ಅದರಲ್ಲಿ ಬುದ್ಧಿ ಇರಬಾರದು. ಆಟದ ಬುದ್ಧಿ, ಅಂದರೆ ನಿಯಮ, ಲೆಕ್ಕ, ಸೋಲು ಗೆಲುವು, ಕಂಪ್ಯೂಟರಿನ ನಡೆ, ಇದು ನಮ್ಮ ಇಷ್ಟದ ಭಾಷೆಯಲ್ಲಿ, ಎಂಜಿನ್ನಿನ ಒಂದು ಹೆಸರೂ ಒಳಗೆ ಬರದ ಹಾಗೆ ಬೇರೆ ಡಿಎಲ್ಎಲ್‌ನಲ್ಲಿ ಇರಲಿ. ಎರಡರ ಗಡಿಯಲ್ಲಿ ಓಡಾಡೋದು ಸಂಖ್ಯೆ, ಅರೇ, ಸರಳ ಸ್ಟ್ರಕ್ಟ್ ಮಾತ್ರ. ಎಫ್ ಶಾರ್ಪ್‌ನ ಲಿಸ್ಟ್, ಆಪ್ಷನ್‌ಗಳನ್ನು ಗಡಿ ದಾಟಿಸಿದರೆ ಆಚೆ ಕಡೆಯ ಸಿ ಶಾರ್ಪ್ ನೋಡಲಾಗದಷ್ಟು ಗಲೀಜಾಗುತ್ತದೆ. ನಾಳೆ ಯೂನಿಟಿ ಬಿಟ್ಟು ಗೊಡೋಗೆ ಹೋಗಬೇಕು ಅಂತಾದರೂ ಬದಲಾಗೋದು ತೆಳ್ಳಗಿನ ಪದರ ಅಷ್ಟೆ.

ಮೊನೋಗೇಮ್ ಆಯ್ಕೆ ಮಾಡಿದರೆ ಇಷ್ಟು ಮಡಿವಂತಿಕೆ ಬೇಡ. 2009ರಲ್ಲಿ ಎಕ್ಸ್ಎನ್ಎ ಟಚ್ ಅಂತ ಶುರುವಾಗಿ ಎಕ್ಸ್ಎನ್ಎಯ ವಾರಸುದಾರನಾದ ಇದು ಒಂದು ಲೈಬ್ರರಿ ಅಷ್ಟೇ. ಯೂನಿಟಿಯಲ್ಲಿ ಎಂಜಿನ್ ಯಜಮಾನ, ಅದು ಕರೆದಾಗ ನಾವು ಹೋಗಬೇಕು. ಮೊನೋಗೇಮ್‌ನಲ್ಲಿ ಪ್ರೋಗ್ರಾಮ್ ನಮ್ಮದು, ಬೇಕಾದಾಗ ಅದನ್ನು ನಾವು ಕರೆಯುತ್ತೇವೆ. ದೊಡ್ಡ ಎಡಿಟರ್ ಇಲ್ಲ, ಹಾಗಾಗಿ ಎಡಿಟರಿಗೆ ಅರ್ಥವಾಗದ ಸಮಸ್ಯೆಯೂ ಇಲ್ಲ. ಎಫ್ ಶಾರ್ಪ್‌ನಲ್ಲಿ ಗೇಮ್ ಕ್ಲಾಸನ್ನು ನೇರವಾಗಿ ಇನ್‌ಹೆರಿಟ್ ಮಾಡಿ ಶುರು ಹಚ್ಚಿಕೊಳ್ಳಬಹುದು. ಲೈಬ್ರರಿ ಅಂತ ಕಡೆಗಣಿಸಬೇಡಿ. ಎರಿಕ್ ಬರೋನ್ ಒಬ್ಬನೇ ನಾಲ್ಕು ವರ್ಷಕ್ಕೂ ಹೆಚ್ಚು ಕೂತು 2016ರಲ್ಲಿ ಹೊರತಂದ ಸ್ಟಾರ್‌ಡ್ಯೂ ವ್ಯಾಲಿ ಎಕ್ಸ್ಎನ್ಎಯಲ್ಲಿ ಹುಟ್ಟಿ ಆಮೇಲೆ ಮೊನೋಗೇಮ್‌ಗೆ ಬಂದ ಆಟ. ಅದು ಸಿ ಶಾರ್ಪ್‌ನದ್ದೇ, ಆದರೆ ಈ ಅಡಿಪಾಯ ಎಷ್ಟು ಭಾರ ಹೊರಬಲ್ಲದು ಅನ್ನೋದಕ್ಕೆ ಸಾಕ್ಷಿ.

ಆಫೀಸಿನ ಹಿರಿಯರ ಮಾತಿನಲ್ಲೂ ತೂಕ ಇದೆ, ಅದನ್ನೂ ಹೇಳಿಬಿಡ್ತೀನಿ. ನಾನು ಕೆಲಸ ಮಾಡುವ ಕಡೆ ಒಂದು ಸಣ್ಣ ಪ್ರಾಜೆಕ್ಟಿಗೆ ಎಫ್ ಶಾರ್ಪ್ ಬಳಸೋಣ ಅಂತ ಪ್ರಸ್ತಾಪ ಇಟ್ಟಾಗ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ, "ನೀವು ರಜೆ ಹಾಕಿದ ದಿನ ಬಗ್ ಬಂದ್ರೆ ಯಾರು ನೋಡ್ತಾರೆ?" ಪ್ರಸ್ತಾಪ ಅಲ್ಲಿಗೆ ನಿಂತಿತು. ಬೇಜಾರಾಯಿತು ನಿಜ, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಐದು ಜನರ ತಂಡದಲ್ಲಿ ಒಬ್ಬನಿಗೆ ಮಾತ್ರ ಬರುವ ಭಾಷೆ ಅಂದರೆ ಒಂದೇ ಕೀಲಿ ಇರುವ ಉಗ್ರಾಣ. ಅದಕ್ಕೇ ನನ್ನ ಷರತ್ತು: ತಂಡದಲ್ಲಿ ಕನಿಷ್ಠ ಇಬ್ಬರಿಗಾದರೂ ಬರಬೇಕು, ಇಲ್ಲವೇ ಆ ಪ್ರಾಜೆಕ್ಟು ನಿಮ್ಮ ಸ್ವಂತದ್ದಾಗಿರಬೇಕು.

ಆದರೆ ಆ ಪ್ರಶ್ನೆಗೆ 'ಹಾಗಾದರೆ ಯಾರೂ ಬೇರೆ ಭಾಷೆ ಕಲಿಯೋದೇ ಬೇಡ' ಅನ್ನೋದು ಉತ್ತರ ಆಗಬಾರದು. ಕಾಟ್ಲಿನ್ ನೋಡಿ. ಜಾವಾ ಮನೆಗೆ ನೆಂಟನಾಗಿ ಬಂದ ಭಾಷೆ. 2017ರಲ್ಲಿ ಗೂಗಲ್ ಅದಕ್ಕೆ ಆಂಡ್ರಾಯ್ಡ್‌ನಲ್ಲಿ ಅಧಿಕೃತ ಮಣೆ ಹಾಕಿತು, 2019ರಲ್ಲಿ ಮೊದಲ ಪಂಕ್ತಿಯಲ್ಲೇ ಕೂರಿಸಿತು. ಈಗ ಅದನ್ನು ನೆಂಟ ಅನ್ನುವವರಿಲ್ಲ. ಡಾಕ್ಯುಮೆಂಟೇಶನ್, ಎಡಿಟರ್, ಉದಾಹರಣೆ, ಇಷ್ಟು ಕೊಟ್ಟರೆ ಭಾಷೆ ತಾನಾಗಿ ಬೇರು ಬಿಡುತ್ತದೆ. ಕಸಿದುಕೊಂಡರೆ ಬೂ ಹೋದ ಹಾಗೆ ಸದ್ದಿಲ್ಲದೆ ಹೋಗುತ್ತದೆ.

ಎಂಜಿನ್ ಮಾಡುವ ಕಂಪನಿಗಳು ಪ್ರತಿ ಭಾಷೆಗೂ ಎಲೆ ಹಾಕಲಿ ಅಂತ ನಾನು ಕೇಳ್ತಿಲ್ಲ, ಅದು ಆಗದ ಮಾತು. ಸಿ ಶಾರ್ಪ್ ಕಂಪೈಲರಿನೊಳಗೆ ಮಾಡುವ ಪ್ರತಿ ಮ್ಯಾಜಿಕ್‌ಗೂ ಕೈಯಲ್ಲಿ ಬರೆಯಬಹುದಾದ ಒಂದು ಹಳೇ ದಾರಿಯನ್ನು ತೆರೆದಿಡಲಿ, ಅದನ್ನು ಎಲ್ಲಾದರೂ ಬರೆದಿಡಲಿ. ಉಳಿದದ್ದು ನಾವು ನೋಡ್ಕೋತೀವಿ.

ನಿಮ್ಮಲ್ಲಿ ಯಾರಾದರೂ ಎಂಜಿನ್ನಿನದಲ್ಲದ ಭಾಷೆಯಲ್ಲಿ ಗೇಮ್ ಬರೆದಿದ್ದರೆ, ಗಡಿಯನ್ನು ಎಲ್ಲಿ ಎಳೆದಿರಿ ಅಂತ ಖಂಡಿತ ತಿಳಿಸಿ. ಹಾಂ, ಇನ್ನೊಂದು ವಿಷಯ. ನಿಮ್ಮ ಮನೆಯ ಚೌಕಾಬಾರದಲ್ಲಿ ಕಡಿಯದೆ ಒಳಸುತ್ತಿಗೆ ಬಿಡ್ತೀರಾ, ಇಲ್ವಾ? ಅದನ್ನೂ ಬರೆಯಿರಿ, ನಿಯಮಗಳ ಪಟ್ಟಿಗೆ ಸೇರಿಸ್ಕೋತೀನಿ :-)